ನಾಲ್ಕನೆಯ ಸಂಪುಟದ ಹೊದಿಕೆಯಲ್ಲಿ ಮೂರನೆಯ ಸಂಪುಟ ಮಾರಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಪುಸ್ತಕ ಮಾರಾಟ ವಿಭಾಗ, ಕೇಂದ್ರ ಕಚೇರಿ.

ಪ್ರತಿ: ವ್ಯವಸ್ಥಾಪಕರು, ಮೈಸೂರು ಶಾಖೆ.

ವಿಷಯ: ದೋಷಯುಕ್ತ ಪುಸ್ತಕವನ್ನು ಬದಲಿಸಿಕೊಡದೆ ದೂರನ್ನು ಇತ್ಯರ್ಥವಾಗಿದೆ ಎಂದು ಮುಚ್ಚಿಹಾಕಿರುವುದು.

ಮಾನ್ಯರೇ,

ನಿಮ್ಮ ಜಾಲತಾಣದಲ್ಲಿ ರಿಕ್ ರಿಯೊರ್ಡನ್ ಬರೆದ ‘ಪರ್ಸಿ ಜಾಕ್ಸನ್’ ಕಾದಂಬರಿ ಸರಣಿಯ ಐದು ಪುಸ್ತಕಗಳ ಪೆಟ್ಟಿಗೆಯನ್ನು ಪೂರ್ತಿ ಹಣ ಕೊಟ್ಟು ಕೊಂಡ ನನಗೆ ನೀವು ಕಳುಹಿಸಿರುವುದು ನಾಲ್ಕು ಪುಸ್ತಕಗಳನ್ನು ಮಾತ್ರ. ಎಣಿಸಿದರೆ ಐದು ಸಿಗುತ್ತವೆ, ನಿಜ. ಆದರೆ ಅವುಗಳಲ್ಲೊಂದು ನಾಲ್ಕನೆಯ ಸಂಪುಟದ ಹೊದಿಕೆ ಹೊದ್ದ ಮೂರನೆಯ ಸಂಪುಟದ ಇನ್ನೊಂದು ಪ್ರತಿ. ಇದನ್ನು ಫೋನಿನಲ್ಲಿ ಹೇಳಿದ್ದೇನೆ, ಇಮೇಲಿನಲ್ಲಿ ಬರೆದಿದ್ದೇನೆ, ಕೊನೆಗೆ ನಿಮ್ಮ ಮೈಸೂರು ಶಾಖೆಯ ಕೌಂಟರಿನ ಮುಂದೆ ನಿಂತೂ ತಿಳಿಸಿದ್ದೇನೆ. ಎಲ್ಲ ಕಡೆಯೂ ಸಮಾಧಾನದಿಂದಲೇ ಮಾತನಾಡಿದ್ದೇನೆ. ಆದರೆ ‘ನಿಮ್ಮ ದೂರು ತೃಪ್ತಿಕರವಾಗಿ ಇತ್ಯರ್ಥವಾಗಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?’ ಎಂಬ ಸಂದೇಶ ಕಳೆದ ವಾರ ನಿಮ್ಮಿಂದ ಬಂದ ಮೇಲೆ, ಆ ಸಮಾಧಾನವನ್ನು ಮುಂದುವರಿಸುವ ಅಗತ್ಯ ನನಗೆ ಕಾಣಲಿಲ್ಲ.

ದೂರು ಇತ್ಯರ್ಥವಾಗಿದ್ದರೂ ಪುಸ್ತಕವನ್ನು ಬಿಡಿಸಿ ನೋಡಿದವರು ನಿಮ್ಮಲ್ಲಿ ಯಾರೂ ಇದ್ದಂತಿಲ್ಲವಾದ್ದರಿಂದ, ದೋಷ ಏನೆಂಬುದನ್ನು ಮತ್ತೊಮ್ಮೆ ಬರೆಯುತ್ತೇನೆ. ಈ ಸರಣಿಯ ಮೂರನೆಯ ಪುಸ್ತಕ 2007ರಲ್ಲಿ ಬಂದ ‘ದಿ ಟೈಟನ್ಸ್ ಕರ್ಸ್’; ನಾಲ್ಕನೆಯದು 2008ರಲ್ಲಿ ಬಂದ ‘ದಿ ಬ್ಯಾಟಲ್ ಆಫ್ ದಿ ಲ್ಯಾಬಿರಿಂತ್’. ನೀವು ನಾಲ್ಕನೆಯದೆಂದು ಕಳುಹಿಸಿದ ಪ್ರತಿಯ ಮುಖಪುಟ, ಬೆನ್ನು, ಹಿಂಬದಿಯ ಕಥಾಸಾರ ಎಲ್ಲವೂ ‘ಲ್ಯಾಬಿರಿಂತ್’ನವೇ. ಹೊದಿಕೆ ತಿರುವಿದರೆ ಒಳಗಿನ ಶೀರ್ಷಿಕೆ ಪುಟದಿಂದ ಕೊನೆಯ ಹಾಳೆಯವರೆಗೆ ಇರುವುದು ‘ಟೈಟನ್ಸ್ ಕರ್ಸ್’. ಹಿಂಬದಿಯ ಬಾರ್‌ಕೋಡಿನ ಜೊತೆಗಿರುವ, ಪುಸ್ತಕವನ್ನು ಗುರುತಿಸುವ 13 ಅಂಕೆಗಳ ಸಂಖ್ಯೆಯಾದ ಐಎಸ್‌ಬಿಎನ್ ಒಂದು, ಹಕ್ಕುಸ್ವಾಮ್ಯದ ಪುಟದಲ್ಲಿರುವುದು ಇನ್ನೊಂದು. ನಿವೃತ್ತಿಯಾಗುವವರೆಗೂ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿದವಳು ನಾನು. ಹೊದಿಕೆ ಬೇರೆಯಾಗಿ, ಒಳಪುಟಗಳು ಬೇರೆಯಾಗಿ ಅಚ್ಚಾಗಿ, ಬೈಂಡಿಂಗ್ ಮಾಡುವಲ್ಲಿ ಒಂದಾಗುತ್ತವೆ. ಅಲ್ಲಿ ಕಟ್ಟುಗಳು ಅದಲುಬದಲಾದರೆ ಒಂದು ಪ್ರತಿ ಕೆಟ್ಟು ಸುಮ್ಮನಾಗುವುದು ಅಪರೂಪ. ಹಾಗಾಗಿ ಇದೇ ಪುಸ್ತಕ ಇನ್ನೂ ಕೆಲವರ ಮನೆಯ ಕಪಾಟಿನಲ್ಲಿ ಇದ್ದಿರಬಹುದು, ಅವರು ಇನ್ನೂ ನಾಲ್ಕನೆಯದಕ್ಕೆ ಬಂದಿಲ್ಲ, ಅಷ್ಟೆ. ಸಾಲದ್ದಕ್ಕೆ ಕಾಗದ ಹಿಂದಿನ ಪುಟದ ಅಕ್ಷರ ಕಾಣುವಷ್ಟು ತೆಳುವಾಗಿದೆ, ಮುಖಪುಟದ ಚಿತ್ರ ಮಸುಕಾಗಿದೆ, ಹಲವು ಪುಟಗಳಲ್ಲಿ ಸಾಲಿನ ಕೊನೆಯ ಅಕ್ಷರ ಅಂಚು ಕತ್ತರಿಸುವಾಗ ಹಾರಿಹೋಗಿದೆ. ಇದರ ಅರ್ಥವೇನೆಂದು ಮುಂದೆ ಕೇಳುತ್ತೇನೆ.

ನಿಮ್ಮ ಗ್ರಾಹಕ ಸೇವೆಯವರ ಮೊದಲ ಉತ್ತರ, ಪುಸ್ತಕ ತಲುಪಿದ ಏಳು ದಿನಗಳೊಳಗೆ ದೂರು ಕೊಡಬೇಕಾಗಿತ್ತು ಎಂಬುದು. ಸರಣಿಯೊಂದನ್ನು ಕೊಂಡವರು ಅದನ್ನು ಒಂದನೆಯದರಿಂದ ಓದಲು ಶುರುಮಾಡುತ್ತಾರೆ ಎಂಬ ವಿಷಯ ಪುಸ್ತಕ ಮಾರುವವರಿಗೆ ತಿಳಿದಿರಬೇಕೆಂದು ನಾನು ಭಾವಿಸಿದ್ದೆ. ಒಂದು ವಾರದಲ್ಲಿ ಮೂರು ಕಾದಂಬರಿಗಳನ್ನು ಮುಗಿಸಿ, ನಾಲ್ಕನೆಯದನ್ನು ತೆರೆದು, ಅದರ ದೋಷ ಕಂಡು, ನಿಮ್ಮ ಫೋನಿನ ಸಂಗೀತವನ್ನು ಪೂರ್ತಿ ಆಲಿಸಿ, ಪ್ರತಿನಿಧಿ ಸಿಗುವವರೆಗೂ ಕಾಯಬಲ್ಲ ಓದುಗರಿಗೆ ಮಾತ್ರ ನಿಮ್ಮ ನಿಯಮದಿಂದ ಪ್ರಯೋಜನ. ಇನ್ನೊಬ್ಬ ಪ್ರತಿನಿಧಿ ಬೇರೊಂದು ನಿಯಮ ಹೇಳಿದರು: ಪ್ಲಾಸ್ಟಿಕ್ ಹಾಳೆಯನ್ನು ಹರಿದಿದ್ದರೆ ಪುಸ್ತಕ ವಾಪಸು ತೆಗೆದುಕೊಳ್ಳುವುದಿಲ್ಲ. ಅದನ್ನು ಹರಿಯದೆ ಒಳಪುಟ ಓದುವ ವಿದ್ಯೆ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಕಲಿಯಲು ಸಿದ್ಧಳಿದ್ದೇನೆ.

ಬಹಳ ಸಲ ಕೇಳಿಕೊಂಡ ಮೇಲೆ ‘ವಿಶೇಷ ಪ್ರಕರಣ’ವೆಂದು ಬದಲಿ ಪುಸ್ತಕ ಕಳುಹಿಸಿದಿರಿ. ಬಂದದ್ದು ‘ಲ್ಯಾಬಿರಿಂತ್’ನ ಚಿತ್ರಕಥೆಯ ಆವೃತ್ತಿ. ಕಾದಂಬರಿಯನ್ನು ಚಿತ್ರಗಳಲ್ಲಿ ಕಿರಿದಾಗಿ ಹೇಳುವ ಆ ಪುಸ್ತಕವನ್ನು ಇಷ್ಟಪಡುವವರಿದ್ದಾರೆ, ಅವರ ಬಗ್ಗೆ ನನ್ನ ತಕರಾರಿಲ್ಲ. ನಾನು ಹಣ ಕೊಟ್ಟದ್ದು ಅದಕ್ಕಲ್ಲ. ಅದನ್ನು ಹಿಂದಿರುಗಿಸಿದಾಗ ಮತ್ತೊಂದು ಬಂತು: ‘ದಿ ಲಾಸ್ಟ್ ಹೀರೋ’. ಅದೇ ಲೇಖಕರು 2010ರಲ್ಲಿ ಆರಂಭಿಸಿದ ಮುಂದಿನ ಸರಣಿಯ ಮೊದಲ ಪುಸ್ತಕ ಅದು. ‘ಇದೂ ಅವರದ್ದೇ ಬುಕ್ಕು ಮೇಡಂ, ರೇಟೂ ಜಾಸ್ತಿ’ ಎಂದು ಪ್ರತಿನಿಧಿ ಸಮಜಾಯಿಷಿ ಕೊಟ್ಟರು. ಆ ಪುಸ್ತಕದ ಉದ್ದಕ್ಕೂ ಪರ್ಸಿ ಜಾಕ್ಸನ್ ಕಾಣೆಯಾಗಿದ್ದಾನೆ, ಉಳಿದವರು ಅವನನ್ನು ಹುಡುಕುತ್ತಿದ್ದಾರೆ. ನಿಮ್ಮ ಗೋದಾಮಿನವರು ಇದನ್ನು ತಿಳಿದೇ ಆರಿಸಿ ಕಳುಹಿಸಿದ್ದರೆ, ಅವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು.

ಇದಾದ ಮೇಲೆ ಶಾಖೆಗೆ ಹೋದೆ. ಅಲ್ಲಿ ನಡೆದದ್ದು ನಿಮ್ಮ ದಾಖಲೆಯಲ್ಲಿ ‘ಗ್ರಾಹಕರೊಂದಿಗೆ ಚರ್ಚಿಸಿ ಪರಿಹರಿಸಲಾಗಿದೆ’ ಎಂಬ ಒಂದು ಸಾಲಾಗಿದೆಯಂತೆ. ಆ ಚರ್ಚೆಯನ್ನು ನಾನು ಪೂರ್ತಿಯಾಗಿ ಬರೆಯುವುದು ಅನಿವಾರ್ಯ.

ಶಾಲೆಗಳು ಶುರುವಾಗುವ ಸಮಯ. ಕೌಂಟರಿನ ಮುಂದೆ ನೋಟ್‌ಬುಕ್ಕು, ಬೈಂಡ್ ಶೀಟು, ಲೇಬಲ್ಲು ಹಿಡಿದ ತಂದೆತಾಯಿಯರ ಸಾಲು ಬಾಗಿಲವರೆಗೂ ಇತ್ತು. ಸರದಿ ಬಂದಾಗ ಐದೂ ಪುಸ್ತಕಗಳನ್ನು ಮುಂದಿಟ್ಟು ವಿಷಯ ಹೇಳಿದೆ. ವ್ಯವಸ್ಥಾಪಕರು ನಾಲ್ಕನೆಯದರ ಮುಖಪುಟದ ಮೇಲೆ ಬೆರಳಿಟ್ಟು, ‘ನಾಲ್ಕೂ ಇದೆಯಲ್ಲಮ್ಮ’ ಎಂದರು. ಒಳಗೆ ನೋಡಿ ಎಂದೆ. ನೋಡಲಿಲ್ಲ. ಬದಲಿಗೆ, ‘ಮೊಮ್ಮಗನಿಗಾ? ಎಷ್ಟನೇ ಕ್ಲಾಸು?’ ಎಂದು ಕೇಳಿದರು. ನನಗೇ ಎಂದೆ. ‘ನಿಮಗಾ?’ ಎಂದು ಅವರು ಮೊದಲಿಗಿಂತ ಗಟ್ಟಿಯಾಗಿ ಕೇಳಿದ್ದರಿಂದ, ಕಪಾಟಿಗೆ ಪುಸ್ತಕ ಜೋಡಿಸುತ್ತಿದ್ದ ಹುಡುಗ ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನತ್ತ ತಿರುಗಿದ. ಸಾಲಿನಲ್ಲಿದ್ದ ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳು. ಅವಳ ತಾಯಿ ಮೊಣಕೈಯಿಂದ ತಿವಿದು ಸುಮ್ಮನಿರಿಸಿದರು. ‘ಇದು ಟೆನ್ ಟು ಫೋರ್ಟೀನ್ ಇಯರ್ಸ್ ಸೆಕ್ಷನ್ ಕಣಮ್ಮ. ಆ ಕಡೆ ಭಕ್ತಿ ಪುಸ್ತಕ, ಅಡುಗೆ ಪುಸ್ತಕ ಎಲ್ಲ ಇದೆ. ಬೇಕಾದ್ರೆ ಅದ್ರಲ್ಲಿ ಯಾವ್ದಾದ್ರೂ ತಗೊಳ್ಳಿ, ಎಕ್ಸ್‌ಚೇಂಜ್ ಮಾಡ್ಕೊಡ್ತೀನಿ’ ಎಂದರು. ಏಳು ದಿನಗಳ ನಿಯಮವೂ ಪ್ಲಾಸ್ಟಿಕ್ಕಿನ ನಿಯಮವೂ ಅಡುಗೆ ಪುಸ್ತಕದ ವಿಷಯ ಬಂದ ಕೂಡಲೇ ಎಲ್ಲಿಗೆ ಹೋದವು ಎಂಬುದನ್ನು ತಾವು ದಯವಿಟ್ಟು ವಿಚಾರಿಸಿ ತಿಳಿಸಬೇಕು.

ನನಗೆ ಬೇಕಾಗಿರುವುದು ನಾಲ್ಕನೆಯ ಸಂಪುಟ, ಅದಿಲ್ಲದೆ ಐದನೆಯದನ್ನು ಓದಲು ಬರುವುದಿಲ್ಲ ಎಂದೆ. ‘ಕಥೆ ತಾನೇ ಅಮ್ಮ, ಯಾವ್ದು ಮೊದ್ಲು ಓದಿದ್ರೇನು? ನಾಲ್ಕನೇದ್ರಲ್ಲಿ ಏನಾಗುತ್ತೆ ಅಂತ ತಾನೇ ಬೇಕಾಗಿರೋದು? ಇರಿ’ ಎಂದು ತಮ್ಮ ಮೊಬೈಲ್ ತೆಗೆದರು. ಏನು ಮಾಡಲು ಹೊರಟಿದ್ದಾರೆಂಬುದು ನನಗೆ ಹೊಳೆಯುವಷ್ಟರಲ್ಲಿ ಆ ಕಾದಂಬರಿಯ ಕಥಾಸಾರವನ್ನು ಅಂತರ್ಜಾಲದಲ್ಲಿ ಹುಡುಕಿ, ಒಂದೊಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿ, ನನ್ನ ಅನುಕೂಲಕ್ಕೆಂದು ಕನ್ನಡದಲ್ಲಿಯೂ ವಿವರಿಸತೊಡಗಿದರು. ದಯವಿಟ್ಟು ನಿಲ್ಲಿಸಿ ಎಂದೆ. ತೋರುಬೆರಳೆತ್ತಿ ಸ್ವಲ್ಪ ತಾಳಿ ಎಂಬಂತೆ ಸನ್ನೆ ಮಾಡಿದರು. ಕತ್ತಿವರಸೆ ಕಲಿಸಲು ಬಂದ ಆ ಹೊಸ ಮೇಷ್ಟ್ರು ನಿಜಕ್ಕೂ ಯಾರು ಎಂಬುದನ್ನು ಹೇಳಿದರು. ಕೊನೆಯಲ್ಲಿ ಯಾರ ಗತಿ ಏನಾಗುತ್ತದೆ ಎಂಬುದನ್ನೂ ಹೇಳಿದರು. ಈ ಪತ್ರ ಓದುವ ನಿಮ್ಮ ಕಚೇರಿಯವರಲ್ಲಿ ಯಾರಾದರೂ ಆ ಪುಸ್ತಕವನ್ನು ಮುಂದೊಂದು ದಿನ ಓದಬಹುದು ಎಂಬ ಮರ್ಯಾದೆಯಿಂದ ನಾನದನ್ನು ಇಲ್ಲಿ ಬರೆಯುವುದಿಲ್ಲ. ‘ಮುಗೀತಲ್ಲ, ಇನ್ನು ಆರಾಮಾಗಿ ಐದನೇದು ಓದ್ಬಹುದು’ ಎಂದು ಮೊಬೈಲ್ ಜೇಬಿಗಿಳಿಸಿದರು. ಆಗ, ಮೊದಲು ನಕ್ಕಿದ್ದ ಆ ಹುಡುಗಿಯೇ, ‘ಅಂಕಲ್, ಎಲ್ಲಾ ಸ್ಪಾಯ್ಲರ್ ಹೇಳ್ಬಿಟ್ರಲ್ಲಾ! ನಾನಿನ್ನೂ ಎರಡನೇದ್ರಲ್ಲಿದ್ದೀನಿ’ ಎಂದು ಅಳುಮೋರೆ ಮಾಡಿದಳು. ಪುಸ್ತಕದ ವ್ಯಾಪಾರ ಎಂದರೇನೆಂದು ಬಲ್ಲವರು ಅಂದು ಆ ಅಂಗಡಿಯಲ್ಲಿ ಆಡಿದ ಮಾತು ಅದೊಂದೇ.

ಹೊರಡುವ ಮುನ್ನ, ದೂರನ್ನು ಮೇಲಿನವರಿಗೆ ಕಳುಹಿಸುತ್ತೇನೆ, ಅದಕ್ಕೊಂದು ಒಟಿಪಿ ಬೇಕು ಎಂದು ಕೇಳಿ ಪಡೆದರು. ಮೇಲಿನವರಿಗೆ ಏನು ಹೋಯಿತೋ ತಿಳಿಯದು. ದೂರು ಮುಚ್ಚಿದೆ ಎಂಬ ಸಂದೇಶ ಮಾತ್ರ ನಾನು ಬಸ್ ನಿಲ್ದಾಣ ಸೇರುವಷ್ಟರಲ್ಲಿ ಬಂದಿತ್ತು. ಸ್ಟಾರ್ ಕೇಳುವ ಸಂದೇಶ ಅದರ ಬೆನ್ನಿಗೇ ಬಂದು, ಇಂದಿಗೂ ಬಿಡದೆ ಬರುತ್ತಿದೆ.

ಯಾವುದು ಮೊದಲು ಓದಿದರೇನು ಎಂಬ ಮಾತು ವ್ಯವಸ್ಥಾಪಕರೊಬ್ಬರದ್ದಲ್ಲ, ನಿಮ್ಮ ಸಂಸ್ಥೆಯ ನಿಯಮಗಳ ಹಿಂದೆಯೂ ಅದೇ ತಿಳಿವಳಿಕೆ ಇರುವಂತಿದೆ; ಆದ್ದರಿಂದ ಅದಕ್ಕೆ ಉತ್ತರಿಸುತ್ತೇನೆ. ನಾನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿ ಬೆಳೆದವಳು. ಅಲ್ಲಿ ಯಾವುದು ಸಿಕ್ಕಿದರೂ ನಡೆಯುತ್ತಿತ್ತು, ಏಕೆಂದರೆ ಪತ್ತೇದಾರ ಅವನೇ ಆದರೂ ಪ್ರತಿ ಪುಸ್ತಕದ ಪ್ರಕರಣ ಅಲ್ಲಲ್ಲಿಗೇ ಮುಗಿಯುತ್ತಿತ್ತು. ಎಲ್ಲ ಸರಣಿಗಳೂ ಹಾಗಲ್ಲ. ಸ್ವೀಡನ್ನಿನ ‘ಮಿಲೆನಿಯಂ’ ಥ್ರಿಲ್ಲರ್‌ಗಳಲ್ಲಿ ಎರಡನೆಯದು ನಿಂತಲ್ಲಿಂದಲೇ ಮೂರನೆಯದು ಹೊರಡುತ್ತದೆ. ಪರ್ಸಿಯ ಐದು ಪುಸ್ತಕಗಳು ಐದು ಕಥೆಗಳಲ್ಲ, ಅವನಿಗೆ ಹದಿನಾರು ತುಂಬುವ ಹೊತ್ತಿಗೆ ನಿಜವಾಗಬೇಕಾದ ಒಂದು ಭವಿಷ್ಯವಾಣಿಯ ಸುತ್ತ ಬೆಳೆಯುವ ಒಂದೇ ಕಥೆ. ನಾಲ್ಕನೆಯದರಲ್ಲಿ ಯಾರು ಯಾರ ಪಕ್ಷಕ್ಕೆ ಸೇರಿದರು, ಯಾಕೆ ಸೇರಿದರು ಎಂದು ತಿಳಿಯದವರಿಗೆ ಐದನೆಯದರ ಮ್ಯಾನ್‌ಹಟನ್ ಯುದ್ಧ ಬರೀ ಗದ್ದಲ. ಇಂಥ ಸರಣಿಯಲ್ಲಿ ಒಂದು ಸಂಪುಟ ಇಲ್ಲವೆಂದರೆ ಐದರಲ್ಲಿ ಒಂದು ಭಾಗದ ನಷ್ಟವಲ್ಲ. ಮಧ್ಯದ ಮೆಟ್ಟಿಲು ಕಿತ್ತ ಏಣಿಯನ್ನು ಪೂರ್ತಿ ಬೆಲೆಗೆ ಮಾರಿದ ಹಾಗೆ. ಇನ್ನು, ‘ಟೆನ್ ಟು ಫೋರ್ಟೀನ್’ ಎಂಬ ಚೀಟಿಯನ್ನು ಅಂಟಿಸಿದವರು ನೀವು. ನನ್ನ ಹಣವನ್ನು ಪಡೆಯುವಾಗ ನಿಮ್ಮ ಜಾಲತಾಣ ನನ್ನ ವಯಸ್ಸನ್ನು ಕೇಳಿರಲಿಲ್ಲ.

ನಿಮ್ಮನ್ನು ಬಂಧಿಸುವ ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಲೇಬೇಕು. ಆದರೂ ನೆನಪಿಸುತ್ತೇನೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಗಳೊಳಗೆ ಕುಂದುಕೊರತೆ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹಾರ ಒದಗಿಸಬೇಕು. ದೋಷವಿರುವ, ನಕಲಿಯಾದ ಅಥವಾ ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ನಾನು ಓದಿರುವಂತೆ ಇದರಲ್ಲಿ ಪ್ಲಾಸ್ಟಿಕ್ ಹಾಳೆಯ ಪ್ರಸ್ತಾಪವಿಲ್ಲ. ನಕಲಿ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ತೆಳು ಕಾಗದ, ಮಸುಕು ಮುಖಪುಟ, ಹಾರಿಹೋದ ಅಕ್ಷರಗಳು, ಹೊರಗೊಂದು ಒಳಗೊಂದು ಐಎಸ್‌ಬಿಎನ್ ಇವೆಲ್ಲವನ್ನೂ ಒಟ್ಟಿಗೆ ನೋಡಿದವರಿಗೆ ಬರುವ ಅನುಮಾನವೇ ನನಗೂ ಬಂದಿದೆ. ಈ ಸರಕು ನಿಮಗೆ ಯಾರಿಂದ ಬಂತು? 1957ರ ಕೃತಿಸ್ವಾಮ್ಯ ಕಾಯ್ದೆಯ 63ನೆಯ ಸೆಕ್ಷನ್, ತಿಳಿದೂ ಹಕ್ಕು ಉಲ್ಲಂಘಿಸುವವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ನಿಮಗೆ ಇಲ್ಲಿಯವರೆಗೆ ತಿಳಿದಿರಲಿಲ್ಲವಾದರೆ, ಈ ಪತ್ರ ತಲುಪಿದ ದಿನದಿಂದ ತಿಳಿದಿದೆ ಎಂದಾಯಿತು.

ನಾಲ್ಕನೆಯ ಸಂಪುಟವನ್ನು ಇನ್ನು ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿ. ಅದನ್ನು ಬೇರೊಂದು ಅಂಗಡಿಯಲ್ಲಿ ಕೊಂಡಿದ್ದೇನೆ. ಅದರ ಐಎಸ್‌ಬಿಎನ್ ಒಳಗೂ ಹೊರಗೂ ಒಂದೇ ಇದೆ. ಓದಿಯೂ ಆಯಿತು. ಕತ್ತಿವರಸೆಯ ಮೇಷ್ಟ್ರು ಕಥೆಯೊಳಗೆ ಬಂದಾಗಲೆಲ್ಲ ನಿಮ್ಮ ವ್ಯವಸ್ಥಾಪಕರ ದನಿಯೇ ಕಿವಿಯಲ್ಲಿತ್ತು. ಇದಕ್ಕೆ ಬದಲಿ ಕೊಡುವ ಶಕ್ತಿ ನಿಮ್ಮ ಗೋದಾಮಿಗೂ ಇಲ್ಲವಾದ್ದರಿಂದ, ಪೆಟ್ಟಿಗೆಯ ಪೂರ್ತಿ ಹಣ, ಲಿಖಿತ ಕ್ಷಮಾಪಣೆ, ಮತ್ತು ಇದೇ ರಾಶಿಯಿಂದ ಪುಸ್ತಕ ಕೊಂಡ ಉಳಿದ ಗ್ರಾಹಕರಿಗೆ ನೀವೇ ಬರೆದು ತಿಳಿಸಿದ್ದೀರೆಂಬುದಕ್ಕೆ ಆಧಾರ, ಈ ಮೂರನ್ನು ಕೇಳುತ್ತೇನೆ. ನಿಯಮವು ನಿಮಗೆ ಕೊಟ್ಟಿರುವ ಒಂದು ತಿಂಗಳನ್ನು ನಾನೂ ಕೊಡುತ್ತೇನೆ.

ಅಷ್ಟರಲ್ಲಿ ಉತ್ತರ ಬಾರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ನಿಮ್ಮ ಕೇಂದ್ರ ಕಚೇರಿ ಎಲ್ಲಿದ್ದರೂ ನಾನು ವಾಸಿಸುವ ಊರಿನಲ್ಲೇ ದಾಖಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ನಿವೃತ್ತಳಾದ ನನಗೆ ಸಮಯದ ಕೊರತೆಯೂ ಇಲ್ಲ. ಆ ನಾಲ್ಕನೆಯ ಪ್ರತಿಯ ಹೊದಿಕೆ ಮತ್ತು ಒಳಪುಟಗಳ ಛಾಯಾಚಿತ್ರಗಳು ಅದೇ ದಿನ ಮೂಲ ಪ್ರಕಾಶಕರಿಗೂ ಹೋಗುತ್ತವೆ. ವಿಚಾರಣೆಯಲ್ಲಿ ನಿಮ್ಮ ಮೈಸೂರು ಶಾಖೆಯ ವ್ಯವಸ್ಥಾಪಕರನ್ನು ಸಾಕ್ಷಿಯಾಗಿ ಕರೆಸಬೇಕೆಂದು ಕೋರಿಕೊಳ್ಳುತ್ತೇನೆ. ಯಾರು ತಡೆದರೂ ನಿಲ್ಲಿಸದೆ ಕೊನೆಯವರೆಗೂ ಹೇಳುವ ಅವರ ಅಭ್ಯಾಸ ಅಲ್ಲಿ ನನಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಇಂತಿ,
ನಿಮ್ಮ ದಾಖಲೆಯಲ್ಲಿ ತೃಪ್ತಳಾಗಿರುವ ಗ್ರಾಹಕಿ,
ಸರಸ್ವತಿಪುರಂ, ಮೈಸೂರು.

ಲಗತ್ತು: ರಸೀದಿಯ ನಕಲು, ಎರಡೂ ಐಎಸ್‌ಬಿಎನ್‌ಗಳ ಛಾಯಾಚಿತ್ರ, ಸ್ಟಾರ್ ಕೇಳಿ ಬಂದ ಸಂದೇಶಗಳ ಪ್ರತಿ.