ಗೇಟಿನ ಥೂಜಾ ಸಾಲು

ಲೀಡ್ಸ್, ಇಂಗ್ಲೆಂಡ್, ಏಪ್ರಿಲ್ 20

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಪುಟ್ಟಿಯ ನೆಗಡಿ ಬಿಟ್ಟಿದೆ.

ಅಮ್ಮ ಬರೆದದ್ದು ಓದಿದಾಗಿನಿಂದ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ನಾನು ಇಲ್ಲಿಂದ ಕಳಿಸಿದ ಬೇಲಿಯ ಫೋಟೊ ನೋಡಿ ನೀವು ಗೇಟಿನ ಬಳಿ ಬೇಲಿಯಾಗಿ ಬೆಳೆದ ನಿತ್ಯಹಸಿರು ಥೂಜಾ ಗಿಡಗಳ ಸಾಲಿಗೆ ಏಣಿ ಚಾಚಿ ಹತ್ತಿದಿರಂತೆ. ಬಿಪಿ ಮಾತ್ರೆ ಬದಲಿಸಿ ಇನ್ನೂ ಮೂರು ವಾರ ಆಗಿಲ್ಲ. ಕತ್ತೆತ್ತಿ ಕೈ ಮೇಲೆ ಮಾಡಿ ಕತ್ತರಿ ಆಡಿಸುವಾಗಲೇ ತಲೆ ಸುತ್ತುವುದು. ಅಲ್ಲದೆ ಸೊಪ್ಪಿಗೆ ಒರಗಿಸಿದ ಏಣಿಗೆ ಆಧಾರವೇ ಇರುವುದಿಲ್ಲ, ಭಾರ ಬಿದ್ದ ಕಡೆ ಒಳಗೆ ಕುಸಿಯುತ್ತದೆ. ಮಂಜನನ್ನು ಕರೆಸಿ, ಕೂಲಿ ನಾನು ಕಳಿಸುತ್ತೇನೆ. ನೀವು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹೇಳಿ ಮಾಡಿಸಿ. ಫೋನಿನಲ್ಲಿ ಹೇಳಿದರೆ ಹೂಂ ಅಂದು ಇಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಫೋಟೊದಲ್ಲಿ ಒಂದು ಮಗ್ಗುಲು ಬೋಳಾಗಿ ಕಂಡದ್ದು ಯೂ ಎಂಬ ಇಲ್ಲಿನ ನಿತ್ಯಹಸಿರು ಗಿಡದ ಬೇಲಿ. ಯೂ ಹಳೇ ಕಾಂಡದಿಂದಲೂ ಚಿಗುರುತ್ತದೆ. ಅದಕ್ಕೇ ಈ ವರ್ಷ ಒಂದು ಮಗ್ಗುಲನ್ನು ಕಾಂಡದವರೆಗೆ ಕಡಿದು, ಅದು ಹಸಿರಾದ ಮೇಲೆ ಇನ್ನೊಂದು ಮಗ್ಗುಲಿಗೆ ಕೈ ಹಾಕುತ್ತಾರೆ. ಥೂಜಾಕ್ಕೆ ಹಾಗೆ ಮಾಡಿದರೆ ಕೆಟ್ಟಿತು. ಇಲ್ಲಿ ವರ್ಷಕ್ಕೆ ಮೂರಡಿ ಎದ್ದುಬಿಡುವ ಲೇಲ್ಯಾಂಡಿ ಸೈಪ್ರೆಸ್ ಎಂಬ ಬೇಲಿ ಗಿಡದ್ದೂ ಅದೇ ಸ್ವಭಾವ. ಸಾಲನ್ನು ಎರಡೂ ಕೈಯಲ್ಲಿ ಸರಿಸಿ ನೋಡಿ: ಹೊರಗೆ ಒಂದು ಗೇಣು ಹಸಿರು, ಒಳಗೆ ಬರೀ ಕಂದು ಕಡ್ಡಿ, ಮುಟ್ಟಿದರೆ ಉದುರುವ ಒಣ ಪುಡಿ. ಆ ಕಂದು ಕಡ್ಡಿಯಲ್ಲಿ ಇನ್ನು ಕಣ್ಣು ಒಡೆಯುವುದಿಲ್ಲ. ದಾಸವಾಳವನ್ನು ಮೊಣಕಾಲೆತ್ತರಕ್ಕೆ ಕಡಿದರೂ ಬರುತ್ತದೆ, ಥೂಜಾದಲ್ಲಿ ಹಸಿರು ದಾಟಿ ಕಡಿದ ಜಾಗ ಕೊನೆವರೆಗೂ ತೂತಾಗಿಯೇ ಉಳಿಯುತ್ತದೆ. ಹಾಗಾಗಿ ಅಡ್ಡಕ್ಕೆ ಬೆಳೆದದ್ದನ್ನು ಒಂದೇ ಸಲ ಒಳಗೆ ತರುವ ಆಸೆ ಬಿಡಿ. ನಾಲ್ಕೈದು ಬೆರಳಿನಷ್ಟು ಹಸಿರು ಉಳಿಸಿ ಸವರಿದರೆ ಸಾಕು.

ಎತ್ತರ ಮಾತ್ರ ಇಳಿಸಬಹುದು, ಮೂರರಲ್ಲಿ ಒಂದು ಪಾಲು. ಒಂಬತ್ತಡಿ ಇದ್ದರೆ ಆರಡಿಗೆ. ನಡುವಿನ ಮುಖ್ಯ ಕಾಂಡವನ್ನು ಇನ್ನೂ ಅರ್ಧ ಅಡಿ ಕೆಳಗೆ, ಅಂದರೆ ಐದೂವರೆಗೆ, ಗರಗಸದಲ್ಲಿ ಕೊಯ್ಯಿಸಿ. ಕೊಯ್ದ ತುದಿ ತಾನು ಚಿಗುರುವುದಿಲ್ಲ. ಸುತ್ತಲ ಹಸಿರು ಬೆಳೆದು ಅದನ್ನು ಮುಚ್ಚಬೇಕು, ಆ ಅರ್ಧ ಅಡಿ ಅದಕ್ಕೆ ಬಿಟ್ಟ ಜಾಗ. ಎರಡು ಗೂಟ ನೆಟ್ಟು ಹಗ್ಗ ಬಿಗಿದುಕೊಂಡೇ ಶುರು ಮಾಡಲಿ, ಕಣ್ಣಂದಾಜು ಬೇಡ. ಬುಡ ಅಗಲ, ತಲೆ ಕಿರಿದು ಇರಬೇಕು: ಕೆಳಗೆ ಮೂರಡಿ ಇದ್ದರೆ ಮೇಲೆ ಎರಡಡಿ. ತಲೆ ದಪ್ಪವಾದರೆ ಬುಡಕ್ಕೆ ಬಿಸಿಲು ತಾಗದೆ ಕೆಳಗಿನಿಂದ ಒಣಗುತ್ತಾ ಬರುತ್ತದೆ. ನಮ್ಮ ಸಾಲಿನ ಬುಡ ಬೋಳಾದದ್ದೂ ಇದರಿಂದಲೇ ಇರಬೇಕು.

ಈಗಿನ ಬಿಸಿಲಲ್ಲಂತೂ ಬೇಡವೇ ಬೇಡ, ಒಳಗಿನ ಎಳೆ ಸೊಪ್ಪು ಒಮ್ಮೆಲೇ ಬಿಸಿಲಿಗೆ ಬಿದ್ದು ಸುಟ್ಟುಹೋಗುತ್ತದೆ. ಮೊದಲ ಮಳೆ ಬಿದ್ದು ನೆಲ ಹಸಿಯಾಗಲಿ. ಮೇಲೆ ಕರೆಂಟಿನ ತಂತಿ ಹಾದಿದೆಯಲ್ಲ, ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿದ ಮೇಲೆಯೇ ಮಂಜ ಕತ್ತಿ ಎತ್ತಲಿ. ಒಳಗೆ ಗೂಡು ಇದೆಯೋ ಎಂದೂ ನೋಡಿಸಿ, ಮರಿ ಇದ್ದರೆ ಹಾರಿಹೋಗುವವರೆಗೆ ಕಾಯಿರಿ. ಇಲ್ಲಿ ಹಕ್ಕಿ ಕೂತ ಗೂಡನ್ನು ಬೇಕೆಂದೇ ಕೆಡಿಸಿದರೆ 1981ರ ಕಾಯ್ದೆಯಲ್ಲಿ ಅಪರಾಧ. ಎರಡು ಮೀಟರು ಮೀರಿದ ನಿತ್ಯಹಸಿರು ಬೇಲಿ ಪಕ್ಕದ ಮನೆಯ ಬೆಳಕಿಗೆ ಅಡ್ಡವಾದರೆ ಕೌನ್ಸಿಲಿಗೆ ದೂರು ಕೊಡಬಹುದು, 2003ರ ಕಾಯ್ದೆಯಲ್ಲಿ ಅದಕ್ಕೇ ಒಂದು ಭಾಗವಿದೆ. ಸರೋಜತ್ತೆ ನಗುತ್ತಾರೆ, ಗೊತ್ತು. ಆದರೆ ನನಗೆ ಇದು ಒಳ್ಳೆಯ ಪದ್ಧತಿ ಅನಿಸುತ್ತದೆ.

ಕಡಿದ ಸೊಪ್ಪು ಕೊಟ್ಟಿಗೆಗೆ ಹೋಗದಿರಲಿ, ದನಕ್ಕೆ ಆಗುವುದಿಲ್ಲ.

ಇಲ್ಲಿ ಬೇಲಿ ಸವರುವ ನನ್ನ ಬಗ್ಗೆ ಅಮ್ಮ ಹೆದರುವುದು ಬೇಡ. ಇಲ್ಲಿ ನೆಲದ ಮೇಲೆ ಗಟ್ಟಿಯಾಗಿ ನಿಲ್ಲುವ ಅಟ್ಟಣಿಗೆ ಬಾಡಿಗೆಗೆ ಸಿಗುತ್ತದೆ, ಸುತ್ತ ಕಂಬಿ ಇರುತ್ತದೆ, ಕೈಗವಸು, ಕನ್ನಡಕ ಎಲ್ಲ ಉಂಟು. ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ. ನೀವು ಹತ್ತದಿದ್ದರೆ ಸಾಕು. ಏಣಿಯನ್ನು ಸುಬ್ಬಣ್ಣನ ಮನೆಗೆ ಕಳಿಸಿಬಿಡಿ ಎಂದು ಅಮ್ಮನಿಗೂ ಬರೆದಿದ್ದೇನೆ.

ಬಸ್ಸಿಗೆ ಹೊತ್ತಾಯಿತು. ದುಡ್ಡು ಸೋಮವಾರ ಹಾಕುತ್ತೇನೆ. ಬಿಪಿ ಎಷ್ಟಿದೆ ಬರೆಯಿರಿ.

ನಿಮ್ಮ ಮಗ,
ರಾಘು