ಹಿರಿಯರನ್ನು ಮೈದಾನಕ್ಕೆ ಕರೆಯಿರಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಮೈದಾನದಲ್ಲಿ ಮಕ್ಕಳಿಗೆ ಖೋ ಖೋ ಕಲಿಸುವ ನಿವೃತ್ತ ಪಿ.ಟಿ. ಮೇಷ್ಟ್ರು ಒಬ್ಬರಿದ್ದಾರೆ. ಬೆಳಿಗ್ಗೆ ಆರಕ್ಕೇ ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಕೊರಳಿಗೆ ಸೀಟಿ ಹಾಕಿಕೊಂಡು ಕಾಯುತ್ತಿರುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಆಟದ ಮೇಲಿನ ಪ್ರೀತಿ, ನಾಲ್ಕು ಜನರ ಒಡನಾಟ, ತನ್ನಿಂದ ಇನ್ನೂ ಕೆಲಸವಾಗುತ್ತದೆ ಎನ್ನುವ ಸಮಾಧಾನ, ಇವೆಲ್ಲ ಇದ್ದರೂ ಅವರು ಬಂದಿದ್ದು ಒಬ್ಬ ಹುಡುಗನ ಅಪ್ಪ ಮನೆಗೇ ಹೋಗಿ ‘ಬನ್ನಿ ಸಾರ್’ ಅಂತ ಕರೆದ ಮೇಲೆ. ಕರೆಯದೆ ಹೋಗುವುದು ಹೇಗೆ ಎನ್ನುವ ಸಂಕೋಚ ಆ ತಲೆಮಾರಿನವರಿಗೆ ಜಾಸ್ತಿ, ಅಲ್ವಾ?

ಬಂದವರು ಉಳಿಯಬೇಕಲ್ಲ. ಇಲ್ಲಿ ಶೌಚಾಲಯಕ್ಕೆ ಸದಾ ಬೀಗ, ಕೂರಲು ಒಂದು ಕಲ್ಲುಬೆಂಚೂ ಇಲ್ಲ. ಸಕ್ಕರೆ ಕಾಯಿಲೆ ಇರುವವರು ಎರಡು ಗಂಟೆ ಹೇಗೆ ನಿಲ್ಲುತ್ತಾರೆ? ಇದೊಂದೇ ಕಾರಣಕ್ಕೆ ವಯಸ್ಸಾದ ಹೆಂಗಸರು ಇತ್ತ ತಲೆ ಹಾಕುವುದಿಲ್ಲ.

ಲಂಡನ್ನಿನಲ್ಲಿ 2004ರಲ್ಲಿ ಶುರುವಾದ ಪಾರ್ಕ್‌ರನ್, ಅಂದರೆ ವಾರಕ್ಕೊಮ್ಮೆ ಪಾರ್ಕುಗಳಲ್ಲಿ ಎಲ್ಲರಿಗೂ ಇರುವ ಉಚಿತ ಓಟ, ನಡೆಯುವುದೇ ಸ್ವಯಂಸೇವಕರಿಂದ. ಓಡಲು ಆಗದವರಿಗೂ ಅಲ್ಲಿ ಸಮಯ ಬರೆಯುವ, ದಾರಿ ತೋರಿಸುವ ಕೆಲಸ ಇದೆ. ನಮ್ಮ ಕ್ರೀಡಾಕೂಟದವರೂ ಹಿರಿಯರಿಗೆ ಸುಮ್ನೆ ಶಾಲು ಹೊದಿಸಿ ಕಳಿಸುವ ಬದಲು ಕೈಗೆ ಸ್ಟಾಪ್‌ವಾಚ್ ಕೊಡಲಿ. ಸಂಬಂಧಪಟ್ಟವರು ಮೊದಲು ಆ ಶೌಚಾಲಯದ ಬೀಗ ತೆಗೆಸಲಿ.

– ನಿಮ್ಮ ಓದುಗ