ಗೃಹ ಸಚಿವರೇ, ತಪ್ಪು ಮಾಡದವರ ಗಾಡಿ ನಂಬರ್ ಎಷ್ಟು ದಿನ ಇಟ್ಕೊಳ್ತೀರಿ?

ಕರ್ನಾಟಕದ ಮಾನ್ಯ ಗೃಹ ಸಚಿವರಿಗೆ ನಮಸ್ಕಾರಗಳು.

ಸರ್, ಹೋದ ತಿಂಗಳು ನನ್ನ ಮೊಬೈಲಿಗೆ ಒಂದು ಚಲನ್ ಮೆಸೇಜ್ ಬಂತು, ಹೆಲ್ಮೆಟ್ ಹಾಕಿಲ್ಲ, 500 ರೂಪಾಯಿ ದಂಡ. ಹೆಲ್ಮೆಟ್ ಇಲ್ದೆ ನಾನು ಮನೆ ಗೇಟೂ ದಾಟಲ್ಲ, ಇದೇನಪ್ಪಾ ಅಂತ ಫೋಟೋ ತೆಗೆದು ನೋಡಿದ್ರೆ ಗಾಡಿನೇ ನಂದಲ್ಲ, ನನ್ನ ಸ್ಕೂಟರ್ ಬೂದು ಬಣ್ಣದ್ದು, ಅದು ಕೆಂಪು. ಜೂಮ್ ಮಾಡಿ ನೋಡ್ದೆ. ಆ ಪ್ಲೇಟಲ್ಲಿ ಕೊನೇ ಅಂಕಿ 3, ಅದರ ಎಡಗಡೆ ಅಂಟಿಕೊಂಡ ಹಾಗೆ ಒಂದು ಸ್ಕ್ರೂ ಹಾಕಿದ್ದಾರೆ, ಸ್ಕ್ರೂ ತುಕ್ಕು ಹಿಡಿದು ಕರೆ ಕೆಳಗಿಳಿದಿದೆ, ಕ್ಯಾಮರಾ ಅದನ್ನ 8 ಅಂತ ಓದ್ಕೊಂಡಿದೆ, 8 ಅಂದ್ರೆ ನನ್ನ ನಂಬರ್. ಸ್ಟೇಷನ್ನಿಗೆ ಹೋಗಿ ತೋರಿಸ್ದೆ, ಅಲ್ಲಿದ್ದವರು ಮರ್ಯಾದೆಯಾಗೇ ಮಾತಾಡಿ ಕ್ಯಾನ್ಸಲ್ ಮಾಡ್ಕೊಟ್ರು. ದುಡ್ಡಿನ ವಿಷಯ ಅಲ್ಲಿಗೆ ಮುಗೀತು.

ನನ್ನ ಮನಸ್ಸಲ್ಲಿ ಉಳಿದಿದ್ದು ಆ ಫೋಟೋ. ಗಾಡಿ ಓಡಿಸ್ತಿದ್ದವರು ಒಬ್ಬ ಹೆಣ್ಣುಮಗಳು, ಮುಂದೆ ಯೂನಿಫಾರ್ಮ್ ಹಾಕ್ಕೊಂಡು ನಿಂತಿರೋ ಪುಟ್ಟ ಮಗು, ಆ ಯೂನಿಫಾರ್ಮ್ ನೋಡಿದ್ರೆ ನಮ್ಮ ಏರಿಯಾದೋರು ಯಾವ ಸ್ಕೂಲು ಅಂತ ಹೇಳ್ಬಿಡ್ತಾರೆ, ಜೊತೆಗೆ ಸಿಗ್ನಲ್ ಹೆಸರು, ತಾರೀಖು, ಬೆಳಿಗ್ಗೆ ಎಷ್ಟು ಗಂಟೆ ಎಷ್ಟು ನಿಮಿಷ ಎಲ್ಲಾ ಬರೆದಿದೆ. ಇಷ್ಟೂ ಒಬ್ಬ ಅಪರಿಚಿತ ಗಂಡಸಿನ ಮೊಬೈಲಿಗೆ ತಾನಾಗೇ ಬಂದು ಬಿತ್ತು, ಆ ತಾಯಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಡಿಲೀಟ್ ಮಾಡ್ದೆ ಸರ್. ಎಲ್ರೂ ಮಾಡ್ತಾರೆ ಅಂತ ಹೇಳೋಕಾಗತ್ತಾ?

2022ರ ಡಿಸೆಂಬರಲ್ಲಿ ಬೆಂಗಳೂರಿನ 50 ಜಂಕ್ಷನ್ನಲ್ಲಿ ನಂಬರ್ ಪ್ಲೇಟ್ ಓದೋ ಕ್ಯಾಮರಾ 250, ಸಿಗ್ನಲ್ ಜಂಪ್ ಹಿಡಿಯೋ ಕ್ಯಾಮರಾ 80 ಹಾಕಿದ್ರು. ಆಮೇಲೆ ಮೈಸೂರು ಹೈವೇಲೂ ಬಂತು. ನಾನು ಅದನ್ನ ಬೇಡ ಅಂತಿಲ್ಲ, ಸಿಗ್ನಲ್ ಜಂಪ್ ಮಾಡೋರಿಗೆ ದಂಡ ಬೀಳ್ಲಿ, ಯಾರನ್ನೋ ಗುದ್ದಿ ಓಡಿಹೋದೋನು ಸಿಕ್ಕಿಬೀಳ್ಲಿ. ಆದ್ರೆ ಈ ಕ್ಯಾಮರಾ ಕಳ್ಳನ ನಂಬರ್ ಹುಡುಕೋದಕ್ಕೆ ಮುಂದೆ ಹೋಗೋ ಪ್ರತಿಯೊಂದು ಗಾಡಿ ನಂಬರನ್ನೂ ಓದ್ಲೇಬೇಕು. ಹಾಗೆ ಓದಿದ್ದನ್ನ ಅಳಿಸದೆ ಇಟ್ಟರೆ ಅದು ಊರಿನ ಎಲ್ಲರ ಓಡಾಟದ ಡೈರಿ ಆಗತ್ತೆ.

ನಮ್ಮನೇದೇ ಹೇಳ್ತೀನಿ. ಅಪ್ಪನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಕಾರಲ್ಲಿ ಕರ್ಕೊಂಡು ಹೋಗ್ತೀನಿ, ಹತ್ತೂವರೆಗೆ ಅದೇ ರಸ್ತೇಲಿ ವಾಪಸ್. ಅಪ್ಪ ಇದನ್ನ ನೆಂಟರಿಗೂ ಹೇಳಿಲ್ಲ, "ಹೇಳ್ಬೇಡ ಕಣೋ, ಎಲ್ರೂ ಬಂದು ಮುಖ ಸಪ್ಪೆ ಮಾಡ್ಕೊಂಡು ಕೂರ್ತಾರೆ" ಅಂತಾರೆ. ಆ ದಾರೀಲಿರೋ ಎರಡು ಕ್ಯಾಮರಾದ ಒಂದು ತಿಂಗಳ ಪಟ್ಟಿ ಮುಂದಿಟ್ಕೊಂಡ್ರೆ ಸಾಕು, ಯಾವ ದಿನ ಯಾವ ಆಸ್ಪತ್ರೆ ಕಡೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ ಕಾಯಿಲೆನೂ ಹೇಳ್ಬಹುದು. ನಾವು ಮಾಡಿರೋ ತಪ್ಪೇನು?

ಇದು ಬರೀ ಊಹೆ ಅಲ್ಲ. ಅಮೆರಿಕದ ಕಾನ್ಸಾಸ್ ರಾಜ್ಯದ ಕೆಚಿ ಅನ್ನೋ ಊರಲ್ಲಿ ಒಬ್ಬ ಪೊಲೀಸ್ ಅಧಿಕಾರಿ ದೂರವಾಗಿದ್ದ ಹೆಂಡತಿ ಎಲ್ಲೆಲ್ಲಿ ಹೋಗ್ತಾಳೆ ಅಂತ ಇದೇ ಥರದ ಕ್ಯಾಮರಾದಲ್ಲಿ ಹುಡುಕಿ 2022ರಲ್ಲಿ ಅರೆಸ್ಟ್ ಆದ. ಪಕ್ಕದ ಕೇರಳದಲ್ಲಿ 2023ರಲ್ಲಿ ಗಂಡ ಇನ್ನೊಬ್ಬ ಹೆಂಗಸಿನ ಜೊತೆ ಹೋಗ್ತಿದ್ದ ಸ್ಕೂಟರ್ ಫೋಟೋ ಹೆಂಡತಿ ಮೊಬೈಲಿಗೆ ಬಂತು, ಗಾಡಿ ಅವಳ ಹೆಸರಲ್ಲಿತ್ತು, ಕೇಳಿದ್ದಕ್ಕೆ ಹೊಡೆದ ಅಂತ ಅವಳು ದೂರು ಕೊಟ್ಲು, ಪೊಲೀಸ್ ಕೇಸ್ ಆಯ್ತು. ಸುದ್ದಿ ಓದಿ ನಕ್ಕವರೇ ಜಾಸ್ತಿ, ನನಗೆ ನಗು ಬರ್ಲಿಲ್ಲ. ಗಾಡಿ ಮಾಹಿತಿ ಕೈ ಬದಲಾಗಲ್ಲ ಅನ್ನೋಕೂ ಆಗಲ್ಲ, ವಾಹನ್ ಮತ್ತು ಸಾರಥಿ, ಅಂದ್ರೆ ಗಾಡಿ ನೋಂದಣಿ ಮತ್ತು ಡ್ರೈವಿಂಗ್ ಲೈಸೆನ್ಸಿನ ಸರ್ಕಾರಿ ಡೇಟಾ ಕೊಟ್ಟು 65 ಕೋಟಿ ಬಂತು ಅಂತ 2019ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಲ್ಲಿ ಹೇಳ್ತು, ಹಾಗೆ ಡೇಟಾ ಕೊಡೋ ಪಾಲಿಸಿನ 2020ರಲ್ಲಿ ವಾಪಸ್ ತಗೊಳ್ತು.

ಕಾನೂನು ಇದೆಯಲ್ಲ ಅಂತೀರಿ. ಮೋಟಾರು ವಾಹನ ನಿಯಮ 167ಎ ನೋಡ್ದೆ, 2021ರದ್ದು. ಕ್ಯಾಮರಾ ಇರೋ ಕಡೆ ಮೊದಲೇ ಬೋರ್ಡ್ ಹಾಕ್ಬೇಕು, 15 ದಿನದೊಳಗೆ ನೋಟಿಸ್ ಕೊಡ್ಬೇಕು ಅಂತಿದೆ, ಸರಿ. ಆದ್ರೆ ಅದು ಇರೋದೇ ತಪ್ಪು ಮಾಡಿದವರಿಗೆ ಚಲನ್ ಹೇಗೆ ಕೊಡ್ಬೇಕು ಅನ್ನೋದಕ್ಕೆ. 2023ರ ಡೇಟಾ ರಕ್ಷಣೆ ಕಾಯ್ದೆನೂ ಅಪರಾಧ ತಡೆಯೋದು, ತನಿಖೆ ಅಂದ ತಕ್ಷಣ ಬಹಳಷ್ಟು ವಿನಾಯಿತಿ ಕೊಟ್ಬಿಡತ್ತೆ. ಹಾಗಾಗಿ ಇದನ್ನ ರಾಜ್ಯ ಸರ್ಕಾರನೇ ಮಾಡ್ಬೇಕು ಸರ್, ಅದಕ್ಕೇ ನಿಮಗೆ ಬರೀತಿರೋದು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಹುಡುಕ್ತಿರೋ ಗಾಡಿ ಅಲ್ಲ ಅಂದ್ರೆ ನಂಬರನ್ನ 3 ನಿಮಿಷದಲ್ಲಿ ಅಳಿಸ್ಬೇಕು ಅಂತ ಕಾನೂನಿದೆ, ಬ್ರಿಟನ್ನಲ್ಲಿ 12 ತಿಂಗಳು ಇಟ್ಕೊಳ್ತಾರೆ. 3 ನಿಮಿಷ ನಮ್ಮಲ್ಲಿ ನಡೆಯಲ್ಲ ಅಂತ ನಂಗೂ ಅನ್ಸತ್ತೆ, ಗುದ್ದಿ ಓಡಿಹೋದ ಕೇಸಲ್ಲಿ ಜನ ಕಂಪ್ಲೇಂಟ್ ಕೊಡೋಕೇ ಎರಡು ಮೂರು ದಿನ ಆಗತ್ತೆ. ಏಳು ದಿನ ಇಟ್ಕೊಳ್ಳಿ. ಯಾವುದೇ ಕೇಸಿಗೆ ಸಂಬಂಧ ಇಲ್ದಿದ್ರೆ ಎಂಟನೇ ದಿನ ಅಳಿಸಿ. ಯಾವ ಅಧಿಕಾರಿ ಯಾವ ನಂಬರ್ ಯಾವ ಕೇಸಿಗೆ ಅಂತ ಹುಡುಕಿದ್ರು ಅನ್ನೋದು ಪ್ರತಿ ಸಲ ದಾಖಲಾಗ್ಲಿ, ಇಲಾಖೆ ಹೊರಗಿನವರು ಯಾರಾದ್ರೂ ವರ್ಷಕ್ಕೊಮ್ಮೆ ಅದನ್ನ ಪರೀಕ್ಷೆ ಮಾಡ್ಲಿ. ಚಲನ್ ಫೋಟೋದಲ್ಲಿ ಮಕ್ಕಳ ಮುಖ, ಹಿಂದೆ ಕೂತವರ ಮುಖ ಮಸುಕು ಮಾಡಿ ಕಳಿಸಿ, ಚಲನ್ ಹೋಗೋ ಮುಂಚೆ ಗಾಡಿ ಬಣ್ಣ, ಮಾಡೆಲ್ ಆದ್ರೂ ಒಬ್ಬರು ಕಣ್ಣಲ್ಲಿ ನೋಡ್ಲಿ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರಲ್ಲ, ಆ ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ, ಎಂಬತ್ತು ದಾಟಿದ ಮೇಲೆ. ಅವರ ಊರಲ್ಲಿ ಕೂತು ಇದನ್ನ ಕೇಳ್ತಿದೀನಿ. ಎಷ್ಟು ದಿನ ಇಟ್ಕೊಳ್ತೀರಿ ಅನ್ನೋದನ್ನ ಲಿಖಿತ ಆದೇಶ ಮಾಡಿ, ಕನ್ನಡದಲ್ಲಿ, ಪೊಲೀಸ್ ಇಲಾಖೆ ವೆಬ್‌ಸೈಟಲ್ಲಿ ಹಾಕಿ.

ಅಪ್ಪನ ವಿಷಯ ಬರೆದಿರೋದ್ರಿಂದ ಹೆಸರು ಹಾಕ್ತಿಲ್ಲ, ತಪ್ಪು ತಿಳ್ಕೋಬೇಡಿ.

ಇಂತಿ,
ಬೆಂಗಳೂರಿನ ಒಬ್ಬ ವಾಹನ ಸವಾರ